ಖಾಡಿಯ ದಂಡೆಯಲ್ಲಿ ಸೈಕಲ್ ಸವಾರಿ

ದಿನದ ಬಹುಭಾಗವನ್ನು ಕಚೇರಿಯ ಕುರ್ಚಿಯಲ್ಲಿಯೂ ಲೋಕಲ್ ಗಾಡಿಯಲ್ಲಿಯೂ ಕಳೆಯುವ ಮಹಾನಗರವಾಸಿಯ ಶರೀರಕ್ಕೆ ದುಡಿಮೆ ಕಡಿಮೆ, ದಣಿವು ಹೆಚ್ಚು. ಈ ಜಡತೆಗೆ ತೆರಬೇಕಾದ ಬೆಲೆ ಅಲ್ಪವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರಂತೆ ದೇಶದ ನಗರಗಳ ವಯಸ್ಕರಲ್ಲಿ ನೂರಕ್ಕೆ ಸುಮಾರು 16 ಮಂದಿ ಮಧುಮೇಹಿಗಳು.

ಕೋಪರಖೈರಣೆಯ ನಿವಾಸಿಗಳಿಗೆ ಇದಕ್ಕೊಂದು ಉಪಾಯ ಮನೆಯ ಸಮೀಪದಲ್ಲಿಯೇ ಇದೆ. 1970ರಲ್ಲಿ ಸ್ಥಾಪಿತವಾದ ಸಿಡ್ಕೋ ಸಂಸ್ಥೆಯು ಈ ಉಪನಗರವನ್ನು ಥಾಣೆ ಖಾಡಿಯ ಪೂರ್ವ ದಂಡೆಯ ತಗ್ಗು ನೆಲದಲ್ಲಿ ಕಟ್ಟಿತು. ಆದುದರಿಂದ ಘನ್ಸೋಲಿಯಿಂದ ವಾಶಿಯವರೆಗಿನ ಖಾಡಿಬದಿಯ ರಸ್ತೆಗಳು ಬಹುಮಟ್ಟಿಗೆ ಸಮತಟ್ಟಾಗಿವೆ. ಏರುದಾರಿಯಿಲ್ಲದ ಇಂತಹ ನೆಲ ಮಧ್ಯವಯಸ್ಕರ ಸೈಕಲ್ ಸವಾರಿಗೆ ಹೇಳಿ ಮಾಡಿಸಿದಂತಿದೆ. ಖಾಡಿಯ ಅಂಚಿನಲ್ಲಿ ಹಬ್ಬಿದ ಕಾಂಡ್ಲಾ ವನ ಕರಾವಳಿಯಿಂದ ಬಂದವರಿಗೆ ಊರಿನ ಹೊಳೆಯ ದಂಡೆಯನ್ನು ನೆನಪಿಸೀತು. ಚಳಿಗಾಲದಿಂದ ಬೇಸಿಗೆಯವರೆಗೆ ಫ್ಲೆಮಿಂಗೊ ಹಕ್ಕಿಗಳು ಬಂದಿಳಿಯುವ ಈ ಖಾಡಿ 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು.

ಸೈಕಲ್ ತುಳಿಯುವಾಗ ದೇಹದ ಭಾರವನ್ನು ಬಹುಪಾಲು ಆಸನವೇ ಹೊರುವುದರಿಂದ ಮೊಣಕಾಲಿಗೆ ಶ್ರಮ ಕಡಿಮೆ. ದುಡಿಯುವ ಸ್ನಾಯುಗಳು ಇನ್ಸುಲಿನ್ನಿನ ನೆರವು ಸಾಲದಿದ್ದಾಗಲೂ ರಕ್ತದ ಸಕ್ಕರೆಯನ್ನು ಹೀರಿಕೊಳ್ಳಬಲ್ಲವು. ಈ ಗುಣ ಸುಮಾರು ಒಂದೆರಡು ದಿನ ಮಾತ್ರ ಉಳಿಯುವುದರಿಂದ ಭಾನುವಾರದ ಒಂದು ದೀರ್ಘ ಸವಾರಿಗಿಂತ ನಿತ್ಯದ ಅರ್ಧ ಗಂಟೆಯೇ ಮೇಲು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಮಾತನಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲದಿರಬೇಕು: ಅದೇ ತಕ್ಕ ವೇಗ. ಆರಂಭದ ವಾರದಲ್ಲಿ 10 ನಿಮಿಷ ಸಾಕು.

ಪೆಡಲು ಕೆಳಗಿಳಿದಾಗ ಮೊಣಕಾಲು ತುಸುವೇ ಬಾಗಿರುವಷ್ಟು ಎತ್ತರದಲ್ಲಿ ಆಸನವಿರಲಿ. ತೀರ ತಗ್ಗಾದರೆ ಮೊಣಕಾಲು ನೋಯುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ ಹೊರಟರೆ ದಣಿದು ಮರಳುವಾಗ ಅದೇ ಗಾಳಿ ನೆರವಾದೀತು.

ಎಚ್ಚರವೂ ಅಗತ್ಯ. ವಾಶಿಯಿಂದ ಬೇಲಾಪುರಕ್ಕೆ ಸಾಗುವ ಪಾಮ್ ಬೀಚ್ ರಸ್ತೆಯ ನೋಟ ಮನೋಹರವಾದರೂ ಅಲ್ಲಿನ ವಾಹನಗಳ ವೇಗ ಅಪಾಯಕರ. ಹೊಸಬರು ಸೆಕ್ಟರುಗಳ ಒಳರಸ್ತೆಗಳನ್ನೇ ಆರಿಸಿಕೊಂಡು, ಬೆಳಕು ಹರಿದ ಮೇಲೆ, ಹೆಲ್ಮೆಟ್ ಧರಿಸಿ ಹೊರಡುವುದು ಲೇಸು. ಇನ್ಸುಲಿನ್ ಪಡೆಯುವವರು ಜೇಬಿನಲ್ಲಿ ಸಕ್ಕರೆ ಇಟ್ಟುಕೊಳ್ಳಬೇಕು. ಹೃದ್ರೋಗವುಳ್ಳವರು ಮೊದಲು ವೈದ್ಯರ ಸಲಹೆ ಪಡೆಯಬೇಕು. ತುಳಿಯುತ್ತಿರುವಾಗ ಎದೆ ಬಿಗಿದರೆ ವಾಯುವೆಂದು ಉದಾಸೀನ ಮಾಡದೆ ಅಲ್ಲಿಯೇ ನಿಂತು, ತಡಮಾಡದೆ ಚಿಕಿತ್ಸೆಗೆ ಧಾವಿಸಬೇಕು.

ಸೈಕಲ್ ಔಷಧಕ್ಕೆ ಬದಲಿಯಲ್ಲ, ಜೊತೆಗಾರ. ಮಕ್ಕಳು ಬೆಳೆದ ಮೇಲೆ ಮೆಟ್ಟಿಲಡಿಯಲ್ಲಿ ಧೂಳು ಹಿಡಿದು ನಿಂತ ಸೈಕಲ್ಲುಗಳು ಅನೇಕ ಮನೆಗಳಲ್ಲಿವೆ. ಅವುಗಳ ಚಕ್ರಕ್ಕೆ ಗಾಳಿ ತುಂಬಿಸುವ ವೆಚ್ಚ ಅತ್ಯಲ್ಪ. ಅದರಿಂದ ದೊರಕಬಹುದಾದ ಆರೋಗ್ಯ ಬೆಲೆಕಟ್ಟಲಾಗದ್ದು.