ಬಡಾವಣೆಯ ತಂಡಗಳಿಗೂ ಶ್ರೇಣಿಯುಂಟೆ?

ಪ್ರಶ್ನೆ: ಇಂಗ್ಲೆಂಡಿನ ಸಣ್ಣ ಊರುಗಳ ಹವ್ಯಾಸಿ ರಗ್ಬಿ ತಂಡಗಳಿಗೂ ಮೇಲು ಕೆಳಗಿನ ಶ್ರೇಣಿಗಳಿವೆಯಂತೆ. ನಮ್ಮ ಬೆಂಗಳೂರಿನಲ್ಲಿ ಅಂಥದುಂಟೆ?
– ಓದುಗರೊಬ್ಬರು, ಚಾಮರಾಜಪೇಟೆ

ಉತ್ತರ: ಉಂಟು, ಆಟ ಮಾತ್ರ ಬೇರೆ. ಇಂಗ್ಲೆಂಡಿನ ರಗ್ಬಿ ಸಂಘಗಳನ್ನು 1987ರಲ್ಲಿ ಒಂದೇ ಸೋಪಾನಪಂಕ್ತಿಯಲ್ಲಿ ನಿಲ್ಲಿಸಿದ ಆ ವ್ಯವಸ್ಥೆಗೆ ಸದೃಶವಾದುದನ್ನು ಇಲ್ಲಿ ಅರಸುವವರು, 1933ರಲ್ಲಿ ಮೈಸೂರಿನ ಹೆಸರಿನಿಂದ ಜನ್ಮತಾಳಿ ಇಂದು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯೆನಿಸಿರುವ ಸಂಸ್ಥೆಯು ನಡೆಯಿಸುವ ಡಿವಿಷನ್ ಲೀಗುಗಳನ್ನು ನೋಡತಕ್ಕದ್ದು. ಕೆಳಗಿನ ಡಿವಿಷನ್ನಿನಲ್ಲಿ ಗೆದ್ದ ತಂಡವು ಮೇಲೇರುವುದು, ಮೇಲಿನದರಲ್ಲಿ ಹಿಂದುಳಿದುದು ಕೆಳಗಿಳಿಯುವುದು. ಇದೇ ಅದರ ಮೂಲನಿಯಮ. ಮಲ್ಲೇಶ್ವರಂ ಜಿಮಖಾನದಂತೆ ಬಡಾವಣೆಯ ಹೆಸರನ್ನೇ ಧರಿಸಿದ ಸಂಘಗಳೂ ಈ ಪಂಕ್ತಿಯಲ್ಲಿ ಸೇರಿವೆ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಅನಿಲ್ ಕುಂಬ್ಳೆಯವರು 13ನೆಯ ವಯಸ್ಸಿನಲ್ಲಿ ಯಂಗ್ ಕ್ರಿಕೆಟರ್ಸ್ ಎಂಬ ಸಂಘವನ್ನು ಸೇರಿ, ಮುಂದೆ 619 ಟೆಸ್ಟ್ ವಿಕೆಟ್ಟುಗಳ ಶಿಖರವನ್ನು ಮುಟ್ಟಿದರು.

ಆದರೆ ಇಂಥ ಶಿಖರಗಳಿಂದ ಮಾತ್ರವೇ ಲೀಗಿನ ಮಹತ್ತ್ವವನ್ನು ಅಳೆಯಲಾಗದು. ಓದು, ಉದ್ಯೋಗ, ಸಂಸಾರಗಳ ನಡುವೆ ಬಿಡುವು ಮಾಡಿಕೊಂಡು, ಧನವನ್ನಾಗಲಿ ಕೀರ್ತಿಯನ್ನಾಗಲಿ ಅಪೇಕ್ಷಿಸದೆ, ಕೇವಲ ಕ್ರೀಡಾಪ್ರೀತಿಯಿಂದ ಕಡೆಯ ಡಿವಿಷನ್ನಿನಲ್ಲಿ ಆಡುವ ಸಾಮಾನ್ಯರ ನಿಷ್ಠೆಯೇ ಮೇಲಿನ ಮೆಟ್ಟಿಲುಗಳನ್ನೆಲ್ಲ ಹೊತ್ತುನಿಂತಿರುವ ಅಡಿಪಾಯ. ಅವರಿಗೆ ಆಡಲು ಮೈದಾನಗಳನ್ನು ಉಳಿಸಿಕೊಡುವುದು ನಗರದ ಕರ್ತವ್ಯ.