ಅಭಿಮಾನಿಗಳ ಮತ: ಗೆದ್ದದ್ದು ಚಿತ್ರವೋ, ಎಣಿಕೆಯೋ?

ಕಾರವಾರ: ವರ್ಷ ಮುಗಿಯುತ್ತ ಬಂದಂತೆ ‘ವರ್ಷದ ಅತ್ಯುತ್ತಮ ಚಿತ್ರ’ಗಳ ಪಟ್ಟಿಗಳು ಒಂದರ ಹಿಂದೆ ಒಂದರಂತೆ ಹೊರಬೀಳತೊಡಗುತ್ತವೆ. ‘ಪ್ರೇಕ್ಷಕರೇ ಆರಿಸಿದ್ದು’ ಎಂಬ ಹಣೆಪಟ್ಟಿ ಅವುಗಳಲ್ಲಿ ಬಹುತೇಕ ಎಲ್ಲಕ್ಕೂ ಇರುತ್ತದೆ. ಫಲಿತಾಂಶದ ಬೆನ್ನಲ್ಲೇ ವಾಗ್ವಾದವೂ ಆರಂಭವಾಗುತ್ತದೆ. ತಮ್ಮ ನೆಚ್ಚಿನ ಚಿತ್ರ ಐದನೆಯ ಸ್ಥಾನಕ್ಕೆ ಇಳಿದದ್ದು ಹೇಗೆ, ಯಾರೂ ನೋಡದ ಚಿತ್ರ ಮೂರನೆಯದಾದದ್ದು ಹೇಗೆ ಎಂಬ ಜಗಳ ಬೆಂಗಳೂರಿನಲ್ಲಿ ನಡೆಯುವಂತೆಯೇ ಕಾರವಾರ, ಅಂಕೋಲಾಗಳ ಚಹಾ ಅಂಗಡಿಗಳಲ್ಲಿಯೂ ನಡೆಯುತ್ತದೆ. ಆದರೆ ಇಲ್ಲಿ ಆ ಜಗಳಕ್ಕೆ ಇನ್ನೊಂದು ಪ್ರಶ್ನೆಯೂ ಸೇರಿಕೊಳ್ಳುತ್ತದೆ: ಪಟ್ಟಿಯಲ್ಲಿರುವ ಚಿತ್ರ ನಮ್ಮೂರಿಗೆ ಬಂದಿತ್ತೇ?

ಈ ಪ್ರಶ್ನೆ ಕೇವಲ ಕುಹಕವಲ್ಲ. ಮತದಾನದ ಫಲಿತಾಂಶವನ್ನು ಅರ್ಥ ಮಾಡಿಕೊಳ್ಳಲು ಅದೇ ಸರಿಯಾದ ಬಾಗಿಲು.

ಮೊದಲಿಗೆ, ಕನ್ನಡಿಗರು ಹೆಚ್ಚು ಹೆಮ್ಮೆಪಟ್ಟ ಪಟ್ಟಿಯನ್ನೇ ನೋಡಬಹುದು. 2022ರ ಡಿಸೆಂಬರ್‌ನಲ್ಲಿ ಐಎಂಡಿಬಿ ಪ್ರಕಟಿಸಿದ ಆ ವರ್ಷದ ಹತ್ತು ಜನಪ್ರಿಯ ಭಾರತೀಯ ಚಿತ್ರಗಳಲ್ಲಿ ಮೂರು ಕನ್ನಡದವು. ‘ಕೆಜಿಎಫ್: ಚಾಪ್ಟರ್ 2’ ಮೂರನೆಯ ಸ್ಥಾನದಲ್ಲಿತ್ತು, ‘ಕಾಂತಾರ’ ಐದನೆಯದು, ‘777 ಚಾರ್ಲಿ’ ಹತ್ತನೆಯದು. ಮೊದಲ ಸ್ಥಾನ ತೆಲುಗಿನ ‘ಆರ್‌ಆರ್‌ಆರ್’ಗೆ ಸಂದಿತ್ತು. ಕನ್ನಡ ಚಿತ್ರರಂಗದ ಸುವರ್ಣಯುಗ ಮರಳಿತು ಎಂಬ ಬರಹಗಳಿಗೆ ಆಗ ಬರವಿರಲಿಲ್ಲ. ಮರುವರ್ಷ, ಅಂದರೆ 2023ರಲ್ಲಿ, ಅದೇ ಸಂಸ್ಥೆಯ ಹತ್ತರ ಪಟ್ಟಿಯಲ್ಲಿ ಕನ್ನಡದ ಒಂದೂ ಚಿತ್ರವಿರಲಿಲ್ಲ. ಒಂದೇ ವರ್ಷದಲ್ಲಿ ಚಿತ್ರರಂಗ ಬರಡಾಯಿತೇ? ‘ಡೇರ್‌ಡೆವಿಲ್ ಮುಸ್ತಾಫಾ’, ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’, ‘ಸಪ್ತ ಸಾಗರದಾಚೆ ಎಲ್ಲೋ’ ತೆರೆಕಂಡದ್ದು ಅದೇ 2023ರಲ್ಲಿ. ಈ ಮೂರನ್ನೂ ನೋಡಿದವರು ಹಾಗೆ ಹೇಳಲಾರರು.

ವ್ಯತ್ಯಾಸದ ಗುಟ್ಟು ಎಣಿಸುವ ಕ್ರಮದಲ್ಲಿದೆ. 2022ರ ಪಟ್ಟಿಯನ್ನು ಅಭಿಮಾನಿಗಳ ಮತ ಎಂದೇ ಬಹುಮಂದಿ ತಿಳಿದರು. ವಾಸ್ತವದಲ್ಲಿ ಅಲ್ಲಿ ಮತಕ್ಕೆ ಇದ್ದದ್ದು ಹೊಸ್ತಿಲಿನ ಕೆಲಸ ಮಾತ್ರ. ಕನಿಷ್ಠ 25,000 ಮಂದಿ ಅಂಕ ನೀಡಿರಬೇಕು, ಸರಾಸರಿ 7ಕ್ಕಿಂತ ಕಡಿಮೆಯಿರಬಾರದು. ಹೊಸ್ತಿಲು ದಾಟಿದ ಚಿತ್ರಗಳ ಸ್ಥಾನವನ್ನು ನಿರ್ಧರಿಸಿದ್ದು ಆಯಾ ಚಿತ್ರದ ಪುಟವನ್ನು ಎಷ್ಟು ಮಂದಿ ತೆರೆದು ನೋಡಿದರು ಎಂಬ ಲೆಕ್ಕ. ಹಲವು ಭಾಷೆಗಳಿಗೆ ಡಬ್ ಆಗಿ ದೇಶದಾದ್ಯಂತ ಓಡಿದ ಚಿತ್ರಕ್ಕೆ ಅಷ್ಟು ಕಣ್ಣುಗಳು ಸಿಗುತ್ತವೆ. ಕನ್ನಡದಲ್ಲಷ್ಟೇ ಬಂದು ಕನ್ನಡಿಗರಷ್ಟೇ ನೋಡಿದ ಚಿತ್ರ ಎಷ್ಟೇ ಚೆನ್ನಾಗಿದ್ದರೂ 25,000 ಅಂಕಗಳ ಹೊಸ್ತಿಲಲ್ಲೇ ಎಡವುತ್ತದೆ. ಜನಪ್ರಿಯತೆಯ ಪಟ್ಟಿಯನ್ನು ಗುಣಮಟ್ಟದ ಪಟ್ಟಿಯೆಂದು ಓದಿದರೆ ತಪ್ಪು ಪಟ್ಟಿಯದಲ್ಲ, ಓದಿದವರದು.

ಹತ್ತು ಮಂದಿ, ಮೂರು ಚಿತ್ರ

ನೇರ ಮತದಾನವೇ ನಡೆದರೂ ತಕರಾರು ಮುಗಿಯುವುದಿಲ್ಲ. ಅಂಕೋಲಾದ ಒಂದು ಚಹಾ ಅಂಗಡಿಯಲ್ಲಿ ಹತ್ತು ಮಂದಿ ಕುಳಿತು ಮೂರು ಚಿತ್ರಗಳಲ್ಲಿ ಒಂದನ್ನು ಆರಿಸುತ್ತಾರೆ ಎಂದು ಊಹಿಸಿಕೊಳ್ಳಿ. ಒಂದು ದೊಡ್ಡ ನಟನ ಚಿತ್ರ, ಇನ್ನೊಂದು ಕೌಟುಂಬಿಕ ಚಿತ್ರ, ಮತ್ತೊಂದು ಹೊಸಬರ ಚಿತ್ರ. ದೊಡ್ಡ ನಟನ ಚಿತ್ರಕ್ಕೆ ನಾಲ್ಕು ಮತ, ಉಳಿದೆರಡಕ್ಕೆ ಮೂರು ಮೂರು. ತಲೆಗೊಂದೇ ಮತವಿದ್ದರೆ ದೊಡ್ಡ ನಟನ ಚಿತ್ರ ಗೆದ್ದಂತೆ.

ಈಗ ಅದೇ ಹತ್ತು ಮಂದಿಗೆ ಮೂರನ್ನೂ ಕ್ರಮವಾಗಿ ಬರೆಯಲು ಹೇಳಿ, ಮೊದಲ ಸ್ಥಾನಕ್ಕೆ 3, ಎರಡನೆಯದಕ್ಕೆ 2, ಕೊನೆಯದಕ್ಕೆ 1 ಅಂಕ ಕೊಡೋಣ. ದೊಡ್ಡ ನಟನ ನಾಲ್ವರು ಅಭಿಮಾನಿಗಳು ಎರಡನೆಯದಾಗಿ ಕೌಟುಂಬಿಕ ಚಿತ್ರವನ್ನು ಮೆಚ್ಚಿದ್ದಾರೆ; ಉಳಿದ ಆರೂ ಮಂದಿ ಆ ನಟನ ಚಿತ್ರವನ್ನು ಕೊನೆಗೆ ತಳ್ಳಿದ್ದಾರೆ ಎಂದುಕೊಂಡರೆ, ಕೌಟುಂಬಿಕ ಚಿತ್ರಕ್ಕೆ 23 ಅಂಕ, ಹೊಸಬರ ಚಿತ್ರಕ್ಕೆ 19, ದೊಡ್ಡ ನಟನ ಚಿತ್ರಕ್ಕೆ 18. ಗೆದ್ದದ್ದು ಕಟ್ಟಕಡೆಗೆ ಬಿತ್ತು! ಯಾರೊಬ್ಬರ ಅಭಿಪ್ರಾಯವೂ ಬದಲಾಗಿಲ್ಲ, ಯಾರೂ ಮೋಸ ಮಾಡಿಲ್ಲ. ಬದಲಾದದ್ದು ಕೇಳಿದ ಪ್ರಶ್ನೆ ಮಾತ್ರ.

ಕಡಿಮೆ ಮಂದಿ ನೋಡಿದ ಚಿತ್ರದ ಪಾಡು ಇನ್ನೊಂದು ಬಗೆಯದು. ನೂರೇ ಮಂದಿ ಅಂಕ ಕೊಟ್ಟು ಸರಾಸರಿ 9 ಬಂದರೆ, ಅದು ನಿರ್ದೇಶಕರ ಬಂಧುಬಳಗದ ಕೊಡುಗೆ ಇರಬಹುದೆಂಬ ಅನುಮಾನ ಸಹಜ. ಇದಕ್ಕೆ ಪರಿಹಾರವಾಗಿ ಅನೇಕ ಕಡೆ ಪ್ರತಿ ಚಿತ್ರದ ಖಾತೆಗೂ ಒಂದಷ್ಟು ಕಾಲ್ಪನಿಕ ಮತಗಳನ್ನು ಸಾಧಾರಣ ಅಂಕದೊಂದಿಗೆ ಸೇರಿಸಿ ಲೆಕ್ಕ ಹಾಕುವ ಪದ್ಧತಿಯಿದೆ. ಉದಾಹರಣೆಗೆ 6 ಅಂಕದ 1,000 ಮತಗಳನ್ನು ಸೇರಿಸಿದರೆ, ನೂರು ಮಂದಿಯ 9ರ ಸರಾಸರಿ 6.27ಕ್ಕೆ ಕುಸಿಯುತ್ತದೆ, ಹತ್ತು ಸಾವಿರ ಮಂದಿಯ 8ರ ಸರಾಸರಿ 7.82ರಲ್ಲಿ ನಿಲ್ಲುತ್ತದೆ. ಬಂಧುಬಳಗದ ಮತವನ್ನು ಜರಡಿ ಹಿಡಿಯಲು ಇದು ಒಳ್ಳೆಯ ಉಪಾಯ. ಆದರೆ ನಿಜವಾಗಿಯೂ ಒಳ್ಳೆಯದಾಗಿದ್ದು ಎಲ್ಲಿಯೂ ಹೆಚ್ಚು ಓಡದ ಚಿತ್ರ ಕೂಡ ಅದೇ ಜರಡಿಯಲ್ಲಿ ಸೋರಿಹೋಗುತ್ತದೆ. ತೂಕ ಹಾಕಿದ ಸರಾಸರಿಯನ್ನೇ ಬಳಸುವ ಐಎಂಡಿಬಿ ತನ್ನ ನಿಖರವಾದ ಲೆಕ್ಕಾಚಾರವನ್ನು ಬಹಿರಂಗಪಡಿಸುವುದಿಲ್ಲ; ಗೊತ್ತಾದರೆ ಅದನ್ನು ದಾಟುವ ದಾರಿಯನ್ನೂ ಜನ ಹುಡುಕುತ್ತಾರೆ ಎಂಬುದು ಸಮಜಾಯಿಷಿ.

ಯಾವ ವರ್ಷದ ಚಿತ್ರ?

‘ವರ್ಷದ ಚಿತ್ರ’ ಎಂಬ ಮಾತಿನಲ್ಲಿ ‘ಚಿತ್ರ’ಕ್ಕಿಂತ ‘ವರ್ಷ’ವೇ ಹೆಚ್ಚು ತೊಡಕಿನದು. ಪಟ್ಟಿಗಳು ಡಿಸೆಂಬರ್‌ನಲ್ಲಿ ಪ್ರಕಟವಾಗಬೇಕಾದ್ದರಿಂದ ಮತದಾನ ಅದಕ್ಕೂ ಮೊದಲೇ ಮುಗಿಯುತ್ತದೆ. 2022ರ ಐಎಂಡಿಬಿ ಪಟ್ಟಿ ನವೆಂಬರ್ ಮೊದಲ ವಾರದವರೆಗಿನ ಚಿತ್ರಗಳನ್ನಷ್ಟೇ ಗಣಿಸಿತ್ತು. ಕನ್ನಡಕ್ಕೆ ಇದು ಸಣ್ಣ ನಷ್ಟವಲ್ಲ. ‘ಮುಂಗಾರು ಮಳೆ’ ತೆರೆಕಂಡದ್ದು 2006ರ ಡಿಸೆಂಬರ್ 29ರಂದು. ‘ಕಿರಿಕ್ ಪಾರ್ಟಿ’ 2016ರ ಡಿಸೆಂಬರ್ 30ರಂದು. ‘ಕೆಜಿಎಫ್’ನ ಮೊದಲ ಭಾಗ 2018ರ ಡಿಸೆಂಬರ್ 21ರಂದು, ‘ಕಾಟೇರ’ 2023ರ ಡಿಸೆಂಬರ್ 29ರಂದು. ಒಂದು ವರ್ಷಕ್ಕೂ ಹೆಚ್ಚು ಕಾಲ ಓಡಿದ, ಗೋಕರ್ಣದ ಜಯಂತ ಕಾಯ್ಕಿಣಿ ಅವರನ್ನು ಗೀತರಚನೆಕಾರರಾಗಿ ಮನೆಮಾತಾಗಿಸಿದ ‘ಮುಂಗಾರು ಮಳೆ’ ತಾನು ತೆರೆಕಂಡ ವರ್ಷದಲ್ಲಿ ಬದುಕಿದ್ದು ಮೂರೇ ದಿನ. ಡಿಸೆಂಬರ್‌ನಲ್ಲಿ ಹುಟ್ಟಿದ ಚಿತ್ರ ಹಳೆಯ ವರ್ಷಕ್ಕೆ ತಡವಾಗಿ, ಹೊಸ ವರ್ಷಕ್ಕೆ ಹಳತಾಗಿ, ಎರಡೂ ಪಟ್ಟಿಗಳ ನಡುವೆ ಅನಾಥವಾಗುವ ಅಪಾಯವಿದ್ದೇ ಇದೆ.

‘777 ಚಾರ್ಲಿ’ಯ ಕಥೆ ಇನ್ನೂ ಸ್ವಾರಸ್ಯಕರ. ಪ್ರೇಕ್ಷಕರ ಲೆಕ್ಕದಲ್ಲಿ ಅದು 2022ರ ಚಿತ್ರ. ಜೂನ್ 10ರಂದು ತೆರೆಗೆ ಬಂದಿತು. ಆದರೆ ರಾಷ್ಟ್ರಪ್ರಶಸ್ತಿಯಲ್ಲಿ 2021ನೇ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂಬ ಗೌರವ ಪಡೆಯಿತು. ಸರಕಾರಿ ಪ್ರಶಸ್ತಿಗಳು ಬಿಡುಗಡೆಯ ದಿನವನ್ನಲ್ಲ, ಸೆನ್ಸಾರ್ ಪ್ರಮಾಣಪತ್ರದ ದಿನವನ್ನು ನೋಡುವುದೇ ಇದಕ್ಕೆ ಕಾರಣ. ಒಂದೇ ನಾಯಿ, ಒಂದೇ ಕಥೆ, ಎರಡು ವರ್ಷ!

ತೀರ್ಪುಗಾರರು ತಡವಾದರೆ

ಅಭಿಮಾನಿಗಳ ಮತಕ್ಕೆ ಇಷ್ಟೊಂದು ಬೆಲೆ ಬರಲು ಕಾರಣವೇನೆಂದು ಕೇಳಿದರೆ, ಬೆರಳು ಸರಕಾರದ ಕಡೆಗೂ ತಿರುಗಬೇಕಾಗುತ್ತದೆ. 2019ನೇ ಸಾಲಿನ ರಾಜ್ಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದದ್ದು 2025ರ ಜನವರಿಯಲ್ಲಿ. ‘ಪೈಲ್ವಾನ್’ ಚಿತ್ರಕ್ಕಾಗಿ ಅತ್ಯುತ್ತಮ ನಟರೆಂದು ಆಯ್ಕೆಯಾದ ಸುದೀಪ್ ಆ ಪ್ರಶಸ್ತಿಯನ್ನು ಸ್ವೀಕರಿಸಲಿಲ್ಲ. 2021ನೇ ಸಾಲಿನ ಪ್ರಶಸ್ತಿಗಳೂ ಹೊರಬಿದ್ದದ್ದು 2025ರಲ್ಲಿಯೇ. ತೀರ್ಪುಗಾರರು ಐದು ವರ್ಷ ಬಿಟ್ಟು ಬಾಯಿ ತೆರೆದರೆ, ಆ ಹೊತ್ತಿಗೆ ಜನ ತಮ್ಮ ತೀರ್ಪನ್ನು ಕೊಟ್ಟು ಮರೆತೂ ಆಗಿರುತ್ತದೆ. ಖಾಲಿ ಬಿದ್ದ ಪೀಠದಲ್ಲಿ ಯಾರಾದರೂ ಕುಳಿತೇ ಕೂರುತ್ತಾರೆ.

ಜನರನ್ನು ಕೇಳುವ ಪರಿಪಾಠವೇನೂ ಹೊಸದಲ್ಲ. 1954ರಲ್ಲಿ ಮುಂಬಯಿಯಲ್ಲಿ ಮೊದಲ ಬಾರಿಗೆ ನೀಡಲಾದ ಫಿಲ್ಮ್‌ಫೇರ್ ಪ್ರಶಸ್ತಿಗಳು ಓದುಗರ ಮತದಿಂದಲೇ ನಿರ್ಧಾರವಾಗಿದ್ದವು. ಆಗ ಗೆದ್ದದ್ದು ಬಿಮಲ್ ರಾಯ್ ಅವರ ‘ದೋ ಬಿಘಾ ಜಮೀನ್’; ಜನರ ಮತವೆಂದರೆ ಅಗ್ಗದ ರುಚಿ ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಕಿಲ್ಲ. ಅಂಚೆಗೆ ಹಾಕಬೇಕಾದ ಮತಕ್ಕೂ ಬೆರಳು ತಾಗಿಸಿದರೆ ಹೋಗುವ ಮತಕ್ಕೂ ವ್ಯತ್ಯಾಸವಿದೆ ಎನ್ನುವುದೂ ಅಷ್ಟೇ ನಿಜ. 2022ರಲ್ಲಿ ಆಸ್ಕರ್ ಸಂಸ್ಥೆ ಟ್ವಿಟರ್ ಮೂಲಕ ಅಭಿಮಾನಿಗಳ ನೆಚ್ಚಿನ ಚಿತ್ರವನ್ನು ಆರಿಸಲು ಹೊರಟಿತು. ಒಬ್ಬರಿಗೆ ದಿನಕ್ಕೆ 20 ಮತಗಳವರೆಗೆ ಅವಕಾಶವಿತ್ತು. ಗೆದ್ದದ್ದು ಜಾಕ್ ಸ್ನೈಡರ್ ನಿರ್ದೇಶನದ ಶವಪಿಶಾಚಿಗಳ ಚಿತ್ರ ‘ಆರ್ಮಿ ಆಫ್ ದಿ ಡೆಡ್’. ಅಕಾಡೆಮಿ ಸದಸ್ಯರು ಆರಿಸಿದ ಶ್ರೇಷ್ಠ ಚಿತ್ರ ‘ಕೋಡಾ’. ಯಂತ್ರಚಾಲಿತ ಖಾತೆಗಳ ಕೈವಾಡದ ಆರೋಪ ಎದ್ದಿತು. ಮರುವರ್ಷ ಆ ಪ್ರಯೋಗವೇ ಇರಲಿಲ್ಲ.

ಹಾಗೆಂದು ಜನರೂ ತೀರ್ಪುಗಾರರೂ ಸದಾ ಉತ್ತರ ದಕ್ಷಿಣ ಎನ್ನುವಂತಿಲ್ಲ. 2022ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರ ‘ಕೆಜಿಎಫ್: ಚಾಪ್ಟರ್ 2’. ‘ಕಾಂತಾರ’ ಅತ್ಯುತ್ತಮ ಜನಪ್ರಿಯ ಚಿತ್ರವಾಯಿತು, ರಿಷಬ್ ಶೆಟ್ಟಿ ಅತ್ಯುತ್ತಮ ನಟರಾದರು. ಎರಡೂ ಅಭಿಮಾನಿಗಳ ಪಟ್ಟಿಯಲ್ಲಿದ್ದ ಚಿತ್ರಗಳೇ. ಆದರೆ ದೇಶದ ಅತ್ಯುತ್ತಮ ಚಿತ್ರವೆಂದು ತೀರ್ಪುಗಾರರು ಆರಿಸಿದ ಮಲಯಾಳದ ‘ಆಟ್ಟಂ’ ಜನಪ್ರಿಯ ಹತ್ತರಲ್ಲಿ ಎಲ್ಲಿಯೂ ಇರಲಿಲ್ಲ.

ನೋಡದ ಚಿತ್ರಕ್ಕೆ ಮತವೆಲ್ಲಿ?

ಈಗ ಮತ್ತೆ ಕಾರವಾರ, ಅಂಕೋಲಾಗಳಿಗೆ ಬರೋಣ. ರಾಜಧಾನಿಯಿಂದ 500 ಕಿ.ಮೀ.ಗೂ ದೂರ, ಗೋವಾ ಗಡಿಗೆ ಸಮೀಪ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಹಿಂದಿ ಎಂಬಂತಹ ಕುಟುಂಬಗಳು ಕಾರವಾರದಲ್ಲಿ ಬೇಕಾದಷ್ಟಿವೆ. ನೌಕಾನೆಲೆ, ಕೈಗಾ ಅಣುಸ್ಥಾವರಗಳಿಂದಾಗಿ ಬೇರೆ ರಾಜ್ಯಗಳವರೂ ನೆಲೆಸಿದ್ದಾರೆ. ಅಂಕೋಲಾದ ಹಳ್ಳಿಗಳಲ್ಲಿ ಹಾಲಕ್ಕಿ ಕನ್ನಡದ ಸೊಗಡೇ ಬೇರೆ. ತೆರೆಯ ಮೇಲೆ ಮೈಸೂರು, ಮಂಡ್ಯ, ಕುಂದಾಪುರ, ಮಂಗಳೂರುಗಳ ಕನ್ನಡ ಕೇಳಿಸುವಷ್ಟು ಇದು ಕೇಳಿಸಿಲ್ಲ. ಇಂತಹ ಪ್ರೇಕ್ಷಕರ ‘ವರ್ಷದ ಚಿತ್ರ’ ಹಿಂದಿಯದೋ ಮಲಯಾಳದ್ದೋ ಆಗಿದ್ದರೆ ಅಚ್ಚರಿಯೇನು? ‘ಅತ್ಯುತ್ತಮ ಕನ್ನಡ ಚಿತ್ರ’ ಎಂಬ ಮತಪತ್ರದಲ್ಲಿ ಅದಕ್ಕೆ ಕಲಂ ಇಲ್ಲ.

ಊರಿನ ಅಭಿಮಾನವೂ ಮತವೇ. ಸುನೀಲ್ ಕುಮಾರ್ ದೇಸಾಯಿ ಅವರ ‘ನಮ್ಮೂರ ಮಂದಾರ ಹೂವೇ’ (1996) ಯಾಣದ ಕಪ್ಪು ಬಂಡೆಗಳನ್ನು ನಾಡಿಗೆಲ್ಲ ತೋರಿಸಿತು. ಈ ಭಾಗದಲ್ಲಿ ಆ ಚಿತ್ರಕ್ಕೆ ಸಿಗುವ ಅಂಕ ಬೇರೆಡೆಗಿಂತ ಒಂದು ಹೆಚ್ಚೇ ಇದ್ದರೆ ಅದನ್ನು ಪಕ್ಷಪಾತವೆನ್ನಬೇಕೋ ಪ್ರೀತಿಯೆನ್ನಬೇಕೋ? ಪುನೀತ್ ರಾಜ್‌ಕುಮಾರ್ ನಿಧನರಾದ ಒಂದು ವರ್ಷದ ತರುವಾಯ, 2022ರ ಅಕ್ಟೋಬರ್ 28ರಂದು ‘ಗಂಧದ ಗುಡಿ’ ಬಂದಾಗ ಕಣ್ಣೀರಿಟ್ಟು ಅಂಕ ಕೊಟ್ಟವರನ್ನೂ ಇದೇ ಪ್ರಶ್ನೆ ಕೇಳಬಹುದು. ಕೇಳುವ ಧೈರ್ಯವಿದ್ದವರು ಕೇಳಲಿ.

ನಿಜವಾದ ಸಮಸ್ಯೆ ಇರುವುದು ಮತ ಹಾಕಿದವರಲ್ಲಿ ಅಲ್ಲ, ಹಾಕಲಾಗದವರಲ್ಲಿ. ಸಣ್ಣ ಚಿತ್ರವೊಂದು ಬೆಂಗಳೂರು, ಮೈಸೂರುಗಳ ಮಲ್ಟಿಪ್ಲೆಕ್ಸ್‌ಗಳಲ್ಲಿ ಒಂದು ವಾರ ಓಡಿ ಇಳಿದರೆ ಅದು ಜಿಲ್ಲೆಯ ಪಟ್ಟಣಗಳನ್ನು ತಲುಪುವುದೇ ಇಲ್ಲ. ತಲುಪದ ಊರಿನಿಂದ ಮತ ಬರುವುದಿಲ್ಲ. ಮತ ಬಾರದ್ದನ್ನು ‘ಅಲ್ಲಿ ಬೇಡಿಕೆಯಿಲ್ಲ’ ಎಂದು ಓದಲಾಗುತ್ತದೆ. ಮುಂದಿನ ಚಿತ್ರಕ್ಕೂ ಅಲ್ಲಿ ಪರದೆ ಸಿಗುವುದಿಲ್ಲ. ಬಾವಿಗೆ ಇಳಿದವನಿಗೆ ಹಗ್ಗ ಕೊಡದೆ, ಮೇಲೆ ಬರಲು ಮನಸ್ಸಿಲ್ಲ ಎಂದಂತೆ. ಪಟ್ಟಿ ಪ್ರಕಟವಾಗುವ ಹೊತ್ತಿಗೆ ಚಿತ್ರ ಮನೆಯ ಪರದೆಗೆ ಬಂದಿದ್ದರೆ ಪುಣ್ಯ. ಕನ್ನಡದ ಸಣ್ಣ ಚಿತ್ರಗಳಿಗೆ ಆ ಭಾಗ್ಯವೂ ಸುಲಭವಾಗಿ ದಕ್ಕುವುದಿಲ್ಲ.

ಈ ಚಕ್ರ ಮುರಿದ ಉದಾಹರಣೆಗಳೂ ಇವೆ. 2025ರ ಜುಲೈನಲ್ಲಿ ಬಂದ ಜೆ.ಪಿ. ತುಮಿನಾಡು ನಿರ್ದೇಶನದ ‘ಸು ಫ್ರಮ್ ಸೋ’ಗೆ ದೊಡ್ಡ ನಟರ ಬಲವಿರಲಿಲ್ಲ. ನೋಡಿದವರು ನೋಡದವರಿಗೆ ಹೇಳಿದರು, ಪ್ರದರ್ಶನಗಳು ಹೆಚ್ಚಿದವು. ಅಂಕಪಟ್ಟಿಗೆ ಮುನ್ನವೇ ಟಿಕೆಟ್ ಕೊಂಡವರು ಕಾಲಲ್ಲಿ ನಡೆದು ಹೋಗಿ ಹಾಕಿದ ಮತವದು. ಯಕ್ಷಗಾನದ ಮೇಳಗಳಿಗೆ ಕರಾವಳಿಯಲ್ಲಿ ಸಲ್ಲುವ ಮತವೂ ಇದೇ ಬಗೆಯದು: ಆಟ ಹಿಡಿಸಿದರೆ ಬೆಳಗಿನವರೆಗೆ ಕೂರುತ್ತಾರೆ, ಹಿಡಿಸದಿದ್ದರೆ ನಡುರಾತ್ರಿಗೆ ಎದ್ದು ಹೋಗುತ್ತಾರೆ.

ಇನ್ನೊಂದು ತುದಿಯಲ್ಲಿ, ಅಂಕಗಳ ಬಲವನ್ನು ಚಿತ್ರರಂಗ ಎಷ್ಟು ಅಂಜುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. 2025ರ ಡಿಸೆಂಬರ್‌ನಲ್ಲಿ ದರ್ಶನ್ ಅಭಿನಯದ ‘ದಿ ಡೆವಿಲ್’ ತೆರೆಕಂಡಾಗ ಬುಕ್‌ಮೈಶೋದಲ್ಲಿ ಆ ಚಿತ್ರದ ಅಂಕ ಹಾಗೂ ವಿಮರ್ಶೆಗಳನ್ನು ನ್ಯಾಯಾಲಯದ ಆದೇಶದಂತೆ ತಡೆಹಿಡಿಯಲಾಗಿತ್ತು. ಒಬ್ಬ ನಟನ ಅಭಿಮಾನಿಗಳು ಇನ್ನೊಬ್ಬರ ಚಿತ್ರಕ್ಕೆ ಬೇಕೆಂದೇ ಒಂದೇ ಅಂಕ ನೀಡಿ ಕೆಳಗೆಳೆಯುತ್ತಾರೆ ಎಂಬ ದೂರು ಚಿತ್ರರಂಗದಲ್ಲಿ ಹಳೆಯದು. ಆದರೆ ಬಾಗಿಲು ಮುಚ್ಚಿದಾಗ ಕಳ್ಳನೊಂದಿಗೆ ನೆಂಟನೂ ಹೊರಗುಳಿಯುತ್ತಾನೆ. ನೋಡಿ ಮೆಚ್ಚಿದವರ ಅಂಕವೂ ಅಲ್ಲಿ ಕಾಣಿಸಲಿಲ್ಲ.

ಚಿತ್ರೋತ್ಸವಗಳ ಪ್ರೇಕ್ಷಕ ಪ್ರಶಸ್ತಿಗೆ ಈ ರಗಳೆಗಳು ಕಡಿಮೆ. ಅಲ್ಲಿ ಮತ ಸಭಾಂಗಣದಲ್ಲಿ ಕುಳಿತು ಚಿತ್ರ ನೋಡಿದವರದು. ಪವನ್ ಕುಮಾರ್ ಜನರಿಂದಲೇ ಹಣ ಸಂಗ್ರಹಿಸಿ ನಿರ್ಮಿಸಿದ ‘ಲೂಸಿಯಾ’ 2013ರ ಜುಲೈನಲ್ಲಿ ಲಂಡನ್ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಆಯ್ಕೆಯ ಅತ್ಯುತ್ತಮ ಚಿತ್ರವಾಯಿತು. ಕರ್ನಾಟಕದ ಚಿತ್ರಮಂದಿರಗಳಿಗೆ ಅದು ಬಂದದ್ದು ಸೆಪ್ಟೆಂಬರ್‌ನಲ್ಲಿ.