‘ಲಿಸನ್ ವಿತೌಟ್ ಪ್ರೆಜುಡಿಸ್’: ಒಂದು ಗೀತಸಂಪುಟ, ಒಂದು ಕರಾರು

ಬ್ಯಾಂಕಿನ ಕಛೇರಿಯಲ್ಲಿ ದುಡಿಯುವವರಿಗೆ ‘ವಿತೌಟ್ ಪ್ರೆಜುಡಿಸ್’ ಎಂಬ ಎರಡು ಮಾತುಗಳು ಚಿರಪರಿಚಿತವಾದವು. ಬಾಕಿದಾರನೊಡನೆ ರಾಜಿಯ ಮಾತುಕತೆ ನಡೆಸುವಾಗ ಬರೆಯುವ ಪತ್ರದ ನೆತ್ತಿಯ ಮೇಲೆ ಅವನ್ನು ಬರೆಯುವುದುಂಟು. ‘ಈ ಪತ್ರದಲ್ಲಿ ನಾವು ಎಷ್ಟೇ ಬಿಟ್ಟುಕೊಟ್ಟಂತೆ ಕಂಡರೂ ನಮ್ಮ ಹಕ್ಕಿಗೆ ಅದರಿಂದ ಬಾಧಕವಿಲ್ಲ; ನಾಳೆ ನ್ಯಾಯಾಲಯದಲ್ಲಿ ಇದನ್ನು ನಮ್ಮ ಮೇಲೆ ತಿರುಗಿಸಬಾರದು’ ಎಂಬುದು ಅದರ ತಾತ್ಪರ್ಯ. ೧೮೭೨ರ ಸಾಕ್ಷ್ಯ ಅಧಿನಿಯಮದ ೨೩ನೆಯ ಕಲಮಿನಲ್ಲಿದ್ದ ಈ ರಕ್ಷಣೆ ೨೦೨೩ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಉಳಿದುಬಂದಿದೆ. ಜನರು ಜಗಳವನ್ನು ತಾವೇ ತೀರಿಸಿಕೊಳ್ಳುವುದು ಲೋಕಕ್ಕೆ ಹಿತವೆಂಬ ನಂಬಿಕೆ ಇದರ ಬುಡದಲ್ಲಿದೆ.

ಈ ಮಾತುಗಳನ್ನು ಹಾಡಿನ ತಟ್ಟೆಯೊಂದರ ಹೆಸರಿನಲ್ಲಿ ಕಂಡಾಗ ಈ ಲೇಖಕನಿಗೆ ಮೊದಲು ನಗು ಬಂದಿತ್ತು. ಜಾರ್ಜ್ ಮೈಕೆಲ್ ಎಂಬ ಆಂಗ್ಲ ಗಾಯಕನು ೧೯೯೦ರ ಸೆಪ್ಟೆಂಬರಿನಲ್ಲಿ ಹೊರತಂದ ‘ಲಿಸನ್ ವಿತೌಟ್ ಪ್ರೆಜುಡಿಸ್, ಸಂಪುಟ ೧’ ಎಂಬ ಆಲ್ಬಂ ಅದು. ಕೇಳುಗರು ಪೂರ್ವಗ್ರಹವಿಲ್ಲದೆ ಕೇಳಲಿ ಎಂಬ ಸಾಮಾನ್ಯ ಅರ್ಥದಲ್ಲಿಯೇ ಆತನು ಆ ಹೆಸರನ್ನಿಟ್ಟಿರಬೇಕು. ಆದರೆ ಎರಡೇ ವರ್ಷಗಳಲ್ಲಿ ಅದೇ ಆಲ್ಬಂ ಆತನನ್ನು ನ್ಯಾಯಾಲಯದ ಮೆಟ್ಟಿಲಿಗೆ ಕೊಂಡೊಯ್ದಿತು. ಅಲ್ಲಿ ಆತನನ್ನು ಸೋಲಿಸಿದುದೂ ಹಿಂದೊಮ್ಮೆ ತಾನೇ ಮಾಡಿಕೊಂಡಿದ್ದ ರಾಜಿ. ಸಂಗೀತದ ದೃಷ್ಟಿಯಿಂದಲೂ ಕರಾರಿನ ದೃಷ್ಟಿಯಿಂದಲೂ ಈ ಪ್ರಸಂಗವು ವಿಚಾರಾರ್ಹವಾದುದೆಂದು ತೋರಿ ಇಲ್ಲಿ ನಿರೂಪಿಸಿದ್ದೇನೆ.

ಜಾರ್ಜ್ ಮೈಕೆಲ್‌ನ ನಿಜನಾಮಧೇಯ ಯೋರ್ಗೋಸ್ ಕಿರಿಯಾಕೋಸ್ ಪನಯೋಟು. ೧೯೬೩ರ ಜೂನ್ ೨೫ರಂದು ಲಂಡನ್ನಿನಲ್ಲಿ ಹುಟ್ಟಿದವನು. ತಂದೆ ಸೈಪ್ರಸ್ ದ್ವೀಪದಿಂದ ಬಂದು ಹೋಟೆಲು ನಡೆಸಿದ ಗ್ರೀಕರು. ತಾಯಿ ಆಂಗ್ಲ ಮಹಿಳೆ. ಪರವೂರಿಗೆ ಬಂದು ಹೋಟೆಲಿನ ಗಲ್ಲೆಯ ಮೇಲೆ ಕುಳಿತು ಮಕ್ಕಳನ್ನು ಮುಂದೆ ತಂದ ತಂದೆಯರ ಕಥೆ ಮುಂಬಯಿಯ ಕನ್ನಡಿಗರಿಗೆ ವಿವರಿಸಿ ಹೇಳಬೇಕಾದುದಲ್ಲ. ಸಹಪಾಠಿ ಆಂಡ್ರೂ ರಿಜ್ಲಿಯೊಡನೆ ಆತನು ‘ವ್ಯಾಮ್’ ಎಂಬ ಜೋಡಿಯನ್ನು ಕಟ್ಟಿದನು. ೧೯೮೨ರಲ್ಲಿ, ಇಬ್ಬರಿಗೂ ಇಪ್ಪತ್ತು ತುಂಬುವ ಮೊದಲೇ, ‘ಇನ್ನರ್‌ವಿಷನ್’ ಎಂಬ ಸಣ್ಣ ಕಂಪನಿಯ ಕರಾರುಪತ್ರಕ್ಕೆ ರುಜು ಹಾಕಿದರು. ದೊರೆತ ಮುಂಗಡ ತಲಾ ೫೦೦ ಪೌಂಡುಗಳು. ಹಾಡುಗಳು ಜನಪ್ರಿಯವಾದ ಮೇಲೆ ಆ ಕರಾರಿನ ಬಿಗಿ ಅವರಿಗೆ ತಿಳಿಯಿತು. ವ್ಯಾಜ್ಯ ಹೂಡಿದರು, ೧೯೮೪ರಲ್ಲಿ ಅದು ರಾಜಿಯಲ್ಲಿ ಮುಗಿದು, ಅವರು ಸಿ.ಬಿ.ಎಸ್. ಕಂಪನಿಯ ನೇರ ಕರಾರಿಗೆ ಒಳಪಟ್ಟರು. ಓದುಗರು ಈ ೧೯೮೪ರ ರಾಜಿಯನ್ನು ನೆನಪಿನಲ್ಲಿಟ್ಟಿರಬೇಕು.

೧೯೮೬ರಲ್ಲಿ ಜೋಡಿ ಬೇರೆಯಾಯಿತು. ಮೈಕೆಲ್ ಒಬ್ಬನೇ ಮಾಡಿದ ಮೊದಲ ಆಲ್ಬಂ ‘ಫೇಯ್ತ್’ ೧೯೮೭ರಲ್ಲಿ ಬಂದಿತು. ಅದರ ಜಯವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಎರಡು ಕೋಟಿಗೂ ಮಿಕ್ಕಿ ಪ್ರತಿಗಳು ಮಾರಾಟವಾದವೆಂದೂ, ೧೯೮೯ರಲ್ಲಿ ವರ್ಷದ ಆಲ್ಬಂ ಎಂಬ ಗ್ರಾಮಿ ಪ್ರಶಸ್ತಿಯನ್ನು ಪಡೆಯಿತೆಂದೂ ಹೇಳಿದರೆ ಸಾಕು. ಚರ್ಮದ ಅಂಗಿ, ಕಪ್ಪು ಕನ್ನಡಕ, ಕಿವಿಯಲ್ಲಿ ತೂಗುವ ಶಿಲುಬೆ, ಕುರುಚಲು ಗಡ್ಡ, ಇವು ಲೋಕದ ಗೋಡೆಗೋಡೆಗಳ ಮೇಲೆ ಕಾಣಿಸಿಕೊಂಡವು. ಹಾಡಿಗಿಂತ ಮುಖವು ದೊಡ್ಡದಾಯಿತು.

ಎರಡನೆಯ ಆಲ್ಬಮ್ಮಿನ ಹುಟ್ಟು ಈ ಮುಖದ ವಿಷಯದಲ್ಲಿ ಗಾಯಕನಿಗೆ ಬಂದ ಬೇಸರದಲ್ಲಿದೆ. ಇನ್ನು ಮುಂದೆ ಹಾಡಿನ ಚಿತ್ರಿಕೆಗಳಲ್ಲಿ ತಾನು ಕಾಣಿಸಿಕೊಳ್ಳುವುದಿಲ್ಲವೆಂದು ಆತನು ಹೇಳಿಬಿಟ್ಟನು. ಆಲ್ಬಮ್ಮಿನ ಹೊದಿಕೆಯ ಮೇಲೆ ಆತನ ಚಿತ್ರವಿಲ್ಲ. ವೀಜೀ ಎಂಬ ಪತ್ರಿಕಾ ಛಾಯಾಗ್ರಾಹಕನು ೧೯೪೦ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡ್ ಕಡಲತೀರದಲ್ಲಿ ತೆಗೆದ ಜನಸಂದಣಿಯ ಚಿತ್ರವಿದೆ. ಸಾವಿರ ಮುಖಗಳಿವೆ, ಮಾರಬೇಕಾದ ಒಂದು ಮುಖವಿಲ್ಲ. ಮೊದಲ ಹಾಡಿನ ಚಿತ್ರಿಕೆಯಲ್ಲಿ ಕಪ್ಪು ಪರದೆಯ ಮೇಲೆ ಹಾಡಿನ ಅಕ್ಷರಗಳಷ್ಟೇ ಸಾಗುತ್ತವೆ. ‘ಫ್ರೀಡಂ’ ಎಂಬ ಹಾಡಿಗೆ ಡೇವಿಡ್ ಫಿಂಚರ್ ನಿರ್ದೇಶಿಸಿದ ಚಿತ್ರಿಕೆಯಲ್ಲಿ ಆತನ ಬದಲು ನವೋಮಿ ಕ್ಯಾಂಪ್‌ಬೆಲ್, ಸಿಂಡಿ ಕ್ರಾಫರ್ಡ್ ಮೊದಲಾದ ಆ ಕಾಲದ ಪ್ರಸಿದ್ಧ ರೂಪದರ್ಶಿಯರು ತುಟಿಯಾಡಿಸುತ್ತಾರೆ. ಹಿಂದಿನ ಆಲ್ಬಮ್ಮಿನ ಗುರುತಾಗಿದ್ದ ಚರ್ಮದ ಅಂಗಿ ಬೆಂಕಿಯಲ್ಲಿ ಉರಿಯುತ್ತದೆ, ಗಿಟಾರು ಸಿಡಿದುಹೋಗುತ್ತದೆ. ಮುಖವನ್ನು ಮಾರಲೊಲ್ಲದವನು ಲೋಕದ ಅತ್ಯಂತ ಬೆಲೆಯುಳ್ಳ ಮುಖಗಳನ್ನು ಕರೆತಂದನಲ್ಲ ಎಂದು ಚುಚ್ಚಿ ಕೇಳಿದವರೂ ಇದ್ದಾರೆ. ಆ ಪ್ರಶ್ನೆ ಅನ್ಯಾಯದ್ದಲ್ಲ.

ಇಲ್ಲೊಂದು ಮಾತು ಪ್ರಾಸಂಗಿಕವಾಗಿ ಬರುತ್ತದೆ. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಧ್ವನಿಮುದ್ರಿಕೆಗೆ ಹಾಡಿದಾಗ, ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ತಟ್ಟೆಯಲ್ಲಿರುವ ದನಿ ಯಾರದೆಂದು ಪರದೇಶದ ಕಾರ್ಖಾನೆಯವರಿಗೆ ತಿಳಿಯಬೇಕಾಗಿತ್ತು. ಆ ಮಹಾಗಾಯಕಿ ಕೊನೆಯುಸಿರೆಳೆದುದು ನಮ್ಮ ಮೈಸೂರಿನಲ್ಲಿ, ೧೯೩೦ರ ಜನವರಿಯಲ್ಲಿ. ಧ್ವನಿಮುದ್ರಣದ ಶತಮಾನವು ಹೆಸರನ್ನು ಕೂಗಿ ಹೇಳುವುದರಿಂದ ಆರಂಭವಾಗಿ, ಅದರ ಅಂತ್ಯದ ಹೊತ್ತಿಗೆ ಮುಖವನ್ನು ಮರೆಮಾಡುವ ಗಾಯಕನವರೆಗೆ ಬಂದುದು ಸ್ವಾರಸ್ಯವಾಗಿದೆ.

ಇನ್ನು ಹಾಡುಗಳು. ಆಲ್ಬಮ್ಮಿನಲ್ಲಿ ಹತ್ತು ಇವೆ. ಮೊದಲನೆಯದಾದ ‘ಪ್ರೇಯಿಂಗ್ ಫಾರ್ ಟೈಮ್’ ಉಳ್ಳವರ ಮತ್ತು ಇಲ್ಲದವರ ನಡುವಿನ ಕಂದಕವನ್ನು ಕುರಿತದ್ದು. ದಾನವನ್ನು ಅಂಗಿಯಂತೆ ಧರಿಸಿ ಕಳಚುವ ಕಾಲವನ್ನೂ, ದೇವರು ಕೂಡ ಬೆನ್ನು ತಿರುಗಿಸಿದನೇನೋ ಎನ್ನುವ ಹತಾಶೆಯನ್ನೂ ನಿಧಾನವಾದ ಲಯದಲ್ಲಿ, ದೊಡ್ಡ ಖಾಲಿ ಹಜಾರದಲ್ಲಿ ನಿಂತು ಹಾಡಿದಂತೆ ಹಾಡಿದ್ದಾನೆ. ಕುಣಿತದ ಹಾಡುಗಳಿಂದ ಹೆಸರಾದವನು ಹೀಗೆ ಆರಂಭಿಸಿದುದು ಸಾಹಸವೇ. ಆಶ್ಚರ್ಯವೆಂದರೆ ೧೯೯೦ರ ಅಕ್ಟೋಬರಿನಲ್ಲಿ ಇದು ಅಮೆರಿಕದ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ‘ಮದರ್ಸ್ ಪ್ರೈಡ್’ ಎಂಬುದು ಗಂಡನನ್ನು ಯುದ್ಧಕ್ಕೆ ಕಳೆದುಕೊಂಡು ಮಗನನ್ನೂ ಅದೇ ದಾರಿಗೆ ಬೆಳೆಸುವ ತಾಯಿಯ ಹಾಡು. ೧೯೯೧ರ ಕೊಲ್ಲಿ ಯುದ್ಧದ ದಿನಗಳಲ್ಲಿ ಅಮೆರಿಕದ ರೇಡಿಯೋ ಕೇಂದ್ರಗಳು ಅದನ್ನು ಮತ್ತೆ ಮತ್ತೆ ಕೇಳಿಸಿದವು. ‘ದೇ ವೋಂಟ್ ಗೋ ವೆನ್ ಐ ಗೋ’ ಸ್ಟೀವೀ ವಂಡರ್‌ನ ೧೯೭೪ರ ಆಲ್ಬಮ್ಮಿನಿಂದ ಎತ್ತಿಕೊಂಡದ್ದು. ಕಪ್ಪುಜನರ ದೇವಾಲಯದ ಮೇಳಗಾನದ ಗಾಂಭೀರ್ಯವನ್ನು ಮೈಕೆಲ್ ಅಲ್ಲಿ ಹುಡುಕಿದ್ದಾನೆ.

ಆಲ್ಬಮ್ಮಿನ ಹೆಸರಿಗೂ ಇದಕ್ಕೂ ಸಂಬಂಧವಿದೆ ಎಂದು ನನ್ನ ಊಹೆ. ೧೯೮೯ರಲ್ಲಿ ಅಮೆರಿಕನ್ ಮ್ಯೂಸಿಕ್ ಪ್ರಶಸ್ತಿಗಳಲ್ಲಿ ಕಪ್ಪುಜನರ ಸಂಗೀತವೆಂದು ಗಣ್ಯವಾದ ವಿಭಾಗದಲ್ಲಿ ಬಿಳಿಯನಾದ ಈತನಿಗೆ ಬಹುಮಾನ ಬಂದಾಗ ಆಕ್ಷೇಪಗಳು ಎದ್ದಿದ್ದವು. ಬಣ್ಣ ನೋಡದೆ ಕೇಳಿರಿ ಎಂಬ ಕೋರಿಕೆ ಹೆಸರಿನಲ್ಲಿ ಅಡಗಿರಬಹುದು.

ಸಂಗೀತವಾಗಿ ನನಗೆ ಎಲ್ಲಕ್ಕಿಂತ ಹಿಡಿಸುವುದು ‘ಕೌಬಾಯ್ಸ್ ಅಂಡ್ ಏಂಜಲ್ಸ್’. ಮೂರು ಮಾತ್ರೆಯ ನಡೆಯಲ್ಲಿ ಏಳು ನಿಮಿಷಗಳಷ್ಟು ದೀರ್ಘವಾಗಿ ಸಾಗುವ ಅದರಲ್ಲಿ ದನಿಯು ಏರಿದಂತೆಯೇ ಕಾಣದು, ಆದರೆ ಮುಗಿಯುವ ಹೊತ್ತಿಗೆ ಬಹಳ ಎತ್ತರದಲ್ಲಿರುತ್ತದೆ. ‘ಸೋಲ್ ಫ್ರೀ’ ಮಾತ್ರ ಹಳೆಯ ದಾರಿಯದು. ಈ ಸಂಪುಟದಲ್ಲಿ ಅದು ಯಾಕಿದೆಯೋ ತಿಳಿಯದು.

ಆಲ್ಬಂ ಇಂಗ್ಲೆಂಡಿನಲ್ಲಿ ಮೊದಲ ಸ್ಥಾನಕ್ಕೆ ಬಂದಿತು. ೧೯೯೧ರಲ್ಲಿ ಅಲ್ಲಿನ ಬ್ರಿಟ್ ಪ್ರಶಸ್ತಿಯನ್ನೂ ಪಡೆಯಿತು. ಅಮೆರಿಕದಲ್ಲಿ ಎರಡನೆಯ ಸ್ಥಾನಕ್ಕೆ ನಿಂತು, ಅಲ್ಲಿನ ಮಾರಾಟವು ‘ಫೇಯ್ತ್’ನದಕ್ಕೆ ಹೋಲಿಸಿದರೆ ಬಹಳ ಇಳಿಯಿತು. ಇಷ್ಟರೊಳಗೆ ಸಿ.ಬಿ.ಎಸ್.ನ ಧ್ವನಿಮುದ್ರಣ ವಿಭಾಗವನ್ನು ಜಪಾನಿನ ಸೋನಿ ಕಂಪನಿಯು ೧೯೮೮ರ ಆರಂಭದಲ್ಲಿ ೨೦೦ ಕೋಟಿ ಡಾಲರುಗಳಿಗೆ ಕೊಂಡಿತ್ತು. ತಾನು ಮುಖ ತೋರಿಸಲು ಒಪ್ಪದ ಕಾರಣ ಕಂಪನಿಯು ಅಮೆರಿಕದಲ್ಲಿ ಬೇಕೆಂದೇ ಪ್ರಚಾರವನ್ನು ತಗ್ಗಿಸಿತೆಂಬುದು ಮೈಕೆಲ್‌ನ ದೂರು. ಕಂಪನಿ ಇದನ್ನು ಒಪ್ಪಲಿಲ್ಲ. ೧೯೯೨ರ ಅಕ್ಟೋಬರಿನಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ಆತನು ದಾವೆ ಹೂಡಿದನು. ತನ್ನ ಕರಾರು ವ್ಯಾಪಾರ ನಿರ್ಬಂಧಕವಾದುದು, ಆದುದರಿಂದ ಜಾರಿಗೆ ಅನರ್ಹ ಎಂಬುದು ಆತನ ಮುಖ್ಯ ವಾದ.

ಈ ಬಗೆಯ ಕರಾರು ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ವಿವರಿಸಬೇಕು. ಕಂಪನಿಯು ಗಾಯಕನಿಗೆ ಮುಂಗಡ ಕೊಡುತ್ತದೆ. ಮುದ್ರಣದ ಖರ್ಚು, ಚಿತ್ರಿಕೆಯ ಖರ್ಚಿನ ಒಂದು ಪಾಲು, ಇವೆಲ್ಲ ಆತನ ಖಾತೆಗೆ ಬೀಳುತ್ತವೆ. ಮಾರಾಟದಿಂದ ಆತನಿಗೆ ಸಲ್ಲಬೇಕಾದ ರಾಯಧನದಿಂದ ಮೊದಲು ಈ ಬಾಕಿ ವಸೂಲಾಗಬೇಕು. ಆ ಮೇಲೆ ಕೈಗೆ ಹಣ. ಆಲ್ಬಂ ಸೋತರೆ ಗಾಯಕನು ಮನೆಮಾರು ಮಾರಿ ತೀರಿಸಬೇಕಾಗಿಲ್ಲ, ನಷ್ಟ ಕಂಪನಿಯದೇ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಹತ್ತರಲ್ಲಿ ಬಹುಪಾಲು ಆಲ್ಬಮ್ಮುಗಳು ಸೋಲುವ ವ್ಯವಹಾರದಲ್ಲಿ ಇದು ಸಣ್ಣ ಮಾತಲ್ಲ. ಆದರೆ ಬ್ಯಾಂಕಿನವನ ಕಣ್ಣಿಗೆ ಒಂದು ಸಂಗತಿ ವಿಚಿತ್ರವಾಗಿ ಕಾಣುತ್ತದೆ. ಬಾಕಿ ಪೂರ್ತಿ ತೀರಿದ ಮೇಲೆಯೂ ಮುದ್ರಿಕೆಯ ಹಕ್ಕು ಕಂಪನಿಯಲ್ಲಿಯೇ ಉಳಿಯುತ್ತದೆ. ನಾವು ಮನೆಯನ್ನು ಅಡವಿಟ್ಟುಕೊಂಡು ಸಾಲ ಕೊಟ್ಟರೆ, ಕೊನೆಯ ಕಂತು ಕಟ್ಟಿದ ದಿನ ಪತ್ರಗಳನ್ನು ಹಿಂದಿರುಗಿಸಲೇಬೇಕು; ೧೮೮೨ರ ಸ್ವತ್ತು ವರ್ಗಾವಣೆ ಅಧಿನಿಯಮದ ೬೦ನೆಯ ಕಲಮು ಸಾಲಗಾರನ ಈ ಬಿಡಿಸಿಕೊಳ್ಳುವ ಹಕ್ಕನ್ನು ಕಾಯುತ್ತದೆ, ಅದಕ್ಕೆ ತೊಡಕಾಗುವ ಷರತ್ತನ್ನು ನ್ಯಾಯಾಲಯಗಳು ಮನ್ನಿಸುವುದಿಲ್ಲ. ಗಾಯಕನ ವಿಷಯದಲ್ಲಾದರೋ ಸಾಲ ತೀರುತ್ತದೆ, ಮನೆ ಮಾತ್ರ ಸಾಹುಕಾರನದು! ಕಂಪನಿಯವರು ಇದು ಸಾಲವೇ ಅಲ್ಲ, ಹೂಡಿಕೆ ಎನ್ನುತ್ತಾರೆ. ಹೂಡಿಕೆಯಾದರೆ ಅದನ್ನು ಗಾಯಕನ ಪಾಲಿನಿಂದಲೇ ಏಕೆ ವಸೂಲು ಮಾಡಬೇಕೆಂಬುದಕ್ಕೆ ನನಗೆ ಒಪ್ಪುವ ಉತ್ತರ ದೊರೆತಿಲ್ಲ.

ಮೈಕೆಲ್‌ಗೆ ಮುಂಚೆಯೂ ಇಂಗ್ಲೆಂಡಿನಲ್ಲಿ ಇಂಥ ವ್ಯಾಜ್ಯಗಳು ನಡೆದಿದ್ದವು. ೧೯೭೪ರಲ್ಲಿ ಷ್ರೋಡರ್ ಮೊಕದ್ದಮೆಯಲ್ಲಿ ಲಾರ್ಡರ ಸಭೆಯು, ಇಪ್ಪತ್ತೊಂದರ ಗೀತಕಾರನೊಬ್ಬನನ್ನು ಕಟ್ಟಿಹಾಕಿ ಪ್ರಕಾಶಕನಿಗೆ ಪ್ರಕಟಿಸುವ ಹೊಣೆಯನ್ನೇ ಹೊರಿಸದ ಕರಾರನ್ನು ಜಾರಿಗೆ ಅನರ್ಹವೆಂದು ತಳ್ಳಿಹಾಕಿತ್ತು. ಮೈಕೆಲ್‌ನ ವಕೀಲರಿಗೆ ಇದರಿಂದ ಧೈರ್ಯ ಬಂದಿರಬೇಕು. ಆದರೆ ಆತನು ಅನುಭವವಿಲ್ಲದ ತರುಣನಾಗಿ ಉಳಿದಿರಲಿಲ್ಲ. ೧೯೮೮ರಲ್ಲಿ ನುರಿತ ವಕೀಲರನ್ನಿಟ್ಟುಕೊಂಡು ಕರಾರನ್ನು ತಿದ್ದಿಸಿ, ರಾಯಧನವನ್ನೂ ಮುಂಗಡವನ್ನೂ ಬಹಳವಾಗಿ ಏರಿಸಿಕೊಂಡಿದ್ದನು.

೧೯೯೪ರ ಜೂನ್ ೨೧ರಂದು ನ್ಯಾಯಮೂರ್ತಿ ಜೊನಾಥನ್ ಪಾರ್ಕರ್ ತೀರ್ಪಿತ್ತರು. ೧೯೮೮ರ ಕರಾರು ೧೯೮೪ರ ಕರಾರಿನ ತಿದ್ದುಪಡಿ. ೧೯೮೪ರದು ಒಂದು ವ್ಯಾಜ್ಯವನ್ನು ಮುಗಿಸಿದ ನಿಜವಾದ ರಾಜಿ. ಪ್ರಾಮಾಣಿಕವಾದ ರಾಜಿಯನ್ನು ಮತ್ತೆ ಕೆದಕಗೊಡದಿರುವುದು ಸಾರ್ವಜನಿಕ ಹಿತ. ಹಾಗಲ್ಲವೆಂದು ಭಾವಿಸಿದರೂ ಷರತ್ತುಗಳು ಆತನಿಗೆ ದೊರೆತ ಪ್ರತಿಫಲಕ್ಕೆ ಹೋಲಿಸಿದರೆ ಯುಕ್ತವಾದವು. ಅಲ್ಲದೆ ಕರಾರಿನಂತೆ ಹಣ ಪಡೆದು ನಡೆದುಕೊಂಡವನು ಅದನ್ನು ಒಪ್ಪಿಕೊಂಡವನೇ ಸರಿ. ಯುರೋಪಿನ ರೋಮ್ ಒಪ್ಪಂದದ ೮೫ನೆಯ ವಿಧಿಯ ಆಧಾರದ ವಾದವೂ ಬಿದ್ದುಹೋಯಿತು.

ತರ್ಕವು ಗಟ್ಟಿಯಾದುದೆಂಬುದನ್ನು ಅಲ್ಲಗಳೆಯಲಾರೆ. ಮರುಹೊಂದಿಕೆ ಮಾಡಿದ ಸಾಲದ ಪತ್ರವನ್ನು ಹಿಡಿದು ಮೂಲ ಸಾಲವೇ ಸರಿಯಿರಲಿಲ್ಲವೆಂದು ಬಾಕಿದಾರನು ಹತ್ತು ವರ್ಷಗಳ ಮೇಲೆ ವಾದಿಸಿದರೆ ನಾವೂ ಒಪ್ಪುವುದಿಲ್ಲ. ಆದರೂ ಒಂದು ಮುಳ್ಳು ಉಳಿಯುತ್ತದೆ. ಮೊದಲ ಕರಾರಿನಲ್ಲಿ ಹುಡುಗರು ಸಿಕ್ಕಿಬಿದ್ದುದರಿಂದಲೇ ೧೯೮೪ರ ರಾಜಿ ಬೇಕಾಯಿತು. ಬಿಡುಗಡೆಯ ಬೆಲೆಯಾಗಿ ಹೊಸ ಕರಾರಿಗೆ ರುಜು ಹಾಕಿದರು. ಉಸಿರಾಡುವುದಕ್ಕಾಗಿ ಮಾಡಿಕೊಂಡ ರಾಜಿಯು ಮುಂದಿನ ಕಟ್ಟಿಗೆ ಬೀಗವಾಯಿತು.

ನಮ್ಮಲ್ಲಿ ಇದೇ ಪ್ರಶ್ನೆ ಬಂದರೆ? ೧೮೭೨ರ ಕರಾರು ಅಧಿನಿಯಮದ ೨೭ನೆಯ ಕಲಮು ಇಂಗ್ಲೆಂಡಿನ ಕಾನೂನಿಗಿಂತ ಕಠಿನವಾದುದು. ಯುಕ್ತಾಯುಕ್ತತೆಯನ್ನು ತೂಗದೆ ವ್ಯಾಪಾರ ನಿರ್ಬಂಧಕವಾದ ಕರಾರನ್ನು ಶೂನ್ಯವೆನ್ನುತ್ತದೆ. ಆದರೆ ಕರಾರು ನಡೆಯುತ್ತಿರುವ ಅವಧಿಯ ನಿರ್ಬಂಧವನ್ನು ಸರ್ವೋಚ್ಚ ನ್ಯಾಯಾಲಯವು ೧೯೬೭ರ ಗೋಲಿಕೇರಿ ಮೊಕದ್ದಮೆಯಲ್ಲಿ ಮನ್ನಿಸಿತು. ಅವಧಿ ಮುಗಿದ ಮೇಲಿನದನ್ನು ಮನ್ನಿಸಲಾಗದೆಂದು ೨೦೦೬ರಲ್ಲಿ ಕ್ರಿಕೆಟ್ ಆಟಗಾರ ಜಹೀರ್ ಖಾನರ ಪ್ರಕರಣದಲ್ಲಿ ಹೇಳಿತು. ಆದುದರಿಂದ ದೀರ್ಘಾವಧಿಯ ಕರಾರಿನ ನಡುವೆ ಸಿಕ್ಕಿಕೊಂಡ ಗಾಯಕನಿಗೆ ನಮ್ಮಲ್ಲಿಯೂ ೨೭ನೆಯ ಕಲಮಿನ ನೆರವು ಅಷ್ಟಕ್ಕಷ್ಟೆ. ಆತನಿಗೆ ಹೆಚ್ಚು ಉಪಯುಕ್ತವಾದುದು ೨೦೧೨ರ ಕೃತಿಸ್ವಾಮ್ಯ ತಿದ್ದುಪಡಿ: ಚಲಚ್ಚಿತ್ರದ ಹಾಡು ಬರೆದವರೂ ರಾಗ ಹಾಕಿದವರೂ ತಮ್ಮ ರಾಯಧನದ ಸಮಪಾಲನ್ನು ನಿರ್ಮಾಪಕರಿಗಾಗಲಿ ಕಂಪನಿಗಾಗಲಿ ಬಿಟ್ಟುಕೊಡಲಾಗದಂತೆ ಅದು ಮಾಡಿತು. ಬಿಟ್ಟುಕೊಡುತ್ತೇನೆಂದು ರುಜು ಹಾಕಿದರೂ ಅದು ಸಲ್ಲದು. ನಮ್ಮ ಭಾವಗೀತೆಗಳ ಕ್ಯಾಸೆಟ್ಟಿನ ಕಾಲದಲ್ಲಿ ಹಾಡಿದವರಿಗೂ ಬರೆದವರಿಗೂ ಎಷ್ಟು ಸಂದಿತೆಂಬುದನ್ನು ಯಾರಾದರೂ ಲೆಕ್ಕದ ಪುಸ್ತಕಗಳನ್ನಿಟ್ಟುಕೊಂಡು ಬರೆದರೆ ಈ ಪತ್ರಿಕೆಗೆ ಅದೊಂದು ಒಳ್ಳೆಯ ಲೇಖನವಾದೀತು.

ಮೈಕೆಲ್ ಮೇಲ್ಮನವಿಗೆ ಸಿದ್ಧನಾದನು. ಆದರೆ ೧೯೯೫ರಲ್ಲಿ ಮತ್ತೊಂದು ರಾಜಿಯಾಯಿತು: ವರ್ಜಿನ್ ಮತ್ತು ಡ್ರೀಮ್‌ವರ್ಕ್ಸ್ ಕಂಪನಿಗಳು ಸೋನಿಗೆ ಹಣ ಕಟ್ಟಿ ಆತನನ್ನು ಬಿಡಿಸಿಕೊಂಡವು. ಮುಂದಿನ ಆಲ್ಬಂ ‘ಓಲ್ಡರ್’ ೧೯೯೬ರಲ್ಲಿ ಬಂದಿತು; ‘ಫೇಯ್ತ್’ ಕಳೆದು ಒಂಬತ್ತು ವರ್ಷಗಳಲ್ಲಿ ಹಾಡುಗಾರನ ಪ್ರಾಯದ ಉತ್ತಮ ಭಾಗವು ಕಡತಗಳಲ್ಲಿ ಹೋಗಿತ್ತು. ‘ಸಂಪುಟ ೧’ ಎಂಬ ಹೆಸರು ವಾಗ್ದಾನ ಮಾಡಿದ್ದ ಎರಡನೆಯ ಸಂಪುಟ ಬರಲೇ ಇಲ್ಲ. ಅದಕ್ಕೆಂದು ಮಾಡಿದ ಹಾಡುಗಳಲ್ಲಿ ಮೂರನ್ನು ೧೯೯೨ರಲ್ಲಿ ಏಡ್ಸ್ ಪರಿಹಾರದ ನಿಧಿಗಾಗಿ ಹೊರಟ ಸಂಕಲನಕ್ಕೆ ಕೊಟ್ಟನು. ೨೦೦೩ರಲ್ಲಿ, ಯಾರೂ ಒತ್ತಾಯಿಸದೆ, ಮತ್ತೆ ಸೋನಿಗೇ ರುಜು ಹಾಕಿದನು.

೨೦೧೬ರ ಡಿಸೆಂಬರ್ ೨೫ರಂದು ಮೈಕೆಲ್ ತೀರಿಕೊಂಡನು. ಮರುವರ್ಷದ ಅಕ್ಟೋಬರಿನಲ್ಲಿ ‘ಲಿಸನ್ ವಿತೌಟ್ ಪ್ರೆಜುಡಿಸ್’ ಹೊಸದಾಗಿ ಹೊರಬಂದು ಇಂಗ್ಲೆಂಡಿನ ಪಟ್ಟಿಯಲ್ಲಿ ಮತ್ತೆ ಮೊದಲ ಸ್ಥಾನಕ್ಕೇರಿತು. ಹೊರತಂದವರು ಸೋನಿಯವರೇ. ಹೊದಿಕೆಯ ಮೇಲೆ ಈಗಲೂ ಕೋನಿ ಐಲೆಂಡಿನ ಅದೇ ಜನಸಂದಣಿಯಿದೆ.